ಅಕ್ಕನ ಹುಲ್ಲಿನ ಗಾಡಿಗೆ ಪಟ್ಟಾ ಹಾಕಿದ್ದು

ಯಂತ್ರದ ಪಟ್ಟಾಗಳ, ಅಂದರೆ ಬೆಲ್ಟುಗಳ ಬಗ್ಗೆ ನಾನು ಮೂವತ್ತು ವರ್ಷ ಪಾಠ ಹೇಳಿದ್ದೇನೆ. ವಿಜಯಪುರದ ಒಂದು ಪಾಲಿಟೆಕ್ನಿಕ್ಕಿನಲ್ಲಿ ಮೆಕ್ಯಾನಿಕಲ್ ಓದುವವರಿಗೆ, ಒಂದು ಗಾಲಿಯ ತಿರುಗಾಟ ಇನ್ನೊಂದು ಗಾಲಿಗೆ ಪಟ್ಟಾದ ಮೂಲಕ ಹೇಗೆ ದಾಟುತ್ತದೆ, ಬಿಗಿ ಬದಿ ಯಾವುದು, ಸಡಿಲ ಬದಿ ಯಾವುದು ಎಂದು ಮೂರು ಬಣ್ಣದ ಸೀಮೆಸುಣ್ಣದಲ್ಲಿ ಬರೆದು ತೋರಿಸುತ್ತಿದ್ದೆ. ನನ್ನ ಚಿತ್ರಗಳು ಎಷ್ಟು ಚೆಂದ ಇರುತ್ತಿದ್ದವೆಂದರೆ, ನನ್ನ ನಂತರ ಆ ಕೋಣೆಗೆ ಬರುವ ಮಾಸ್ತರು ಕೂಡ ಅಳಿಸಲು ಹಿಂದೆಮುಂದೆ ನೋಡುತ್ತಿದ್ದರು. ಇಷ್ಟೆಲ್ಲ ಹೇಳಿಕೊಂಡು ಒಂದು ಮಾತು ಮುಚ್ಚಿಡುವುದು ಸರಿಯಲ್ಲ. ಆ ಮೂವತ್ತು ವರ್ಷದಲ್ಲಿ ನಾನು ಕೈಯಾರೆ ಒಂದೇ ಒಂದು ಪಟ್ಟಾ ಹಾಕಿರಲಿಲ್ಲ, ತೆಗೆದಿರಲೂ ಇಲ್ಲ. ಈ ಸಂಗತಿಯನ್ನು ನಿವೃತ್ತಿಯವರೆಗೆ ಯಾರಿಗೂ ತಿಳಿಯದಂತೆ ಕಾಪಾಡಿಕೊಂಡು ಬಂದಿದ್ದೆ. ಅದು ಬಯಲಾದದ್ದು ಹೋದ ಸಂಕ್ರಾಂತಿಯ ಆಸುಪಾಸಿನಲ್ಲಿ, ಅಕ್ಕನ ದ್ರಾಕ್ಷಿ ತೋಟದಲ್ಲಿ.

ಅಕ್ಕ ನನಗಿಂತ ಆರು ವರ್ಷಕ್ಕೆ ದೊಡ್ಡವಳು. ನಾವು ಹುಟ್ಟಿದ್ದು ತಿಕೋಟಾದಲ್ಲಿ. ಅಪ್ಪನಿಗೆ ಅಲ್ಲಿ ಒಂದು ಹಿಟ್ಟಿನ ಗಿರಣಿ ಇತ್ತು. ಒಂದು ಕಡೆ ಎಂಜಿನ್, ಇನ್ನೊಂದು ಕಡೆ ಬೀಸುವ ಕಲ್ಲು, ನಡುವೆ ಅಂಗೈ ಅಗಲದ ಉದ್ದನೆಯ ಪಟ್ಟಾ ಪಟಪಟ ಸದ್ದು ಮಾಡುತ್ತ ಓಡುತ್ತಿರುತ್ತಿತ್ತು. ಅಕ್ಕ ಏಳನೆಯ ತರಗತಿ ಮುಗಿಸಿದ ವರ್ಷ ಅಪ್ಪನಿಗೆ ಸೊಂಟ ಹಿಡಿದುಕೊಂಡಿತು. ಅವಳನ್ನು ಶಾಲೆ ಬಿಡಿಸಿ ಗಿರಣಿಗೆ ನಿಲ್ಲಿಸಿದರು. ಅಲ್ಲಿಂದ ಮದುವೆಯಾಗುವವರೆಗೆ ಆ ಪಟ್ಟಾ ಅವಳದೇ. ಓಡುವ ಗಾಲಿಗೆ ಕೋಲಿನಿಂದ ಒತ್ತಿ ಪಟ್ಟಾ ಏರಿಸುವುದನ್ನು ಅವಳು ತಲೆಗೆ ಹೂ ಮುಡಿದುಕೊಳ್ಳುವಷ್ಟು ಸಲೀಸಾಗಿ ಮಾಡುತ್ತಿದ್ದಳು. ನನಗೆ ಮಾತ್ರ ಗಿರಣಿಯ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ನಾನು ಓದುವವನು ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಓದುವವನು ಹೊಸ್ತಿಲ ಮೇಲೆ ಕೂತು, ಮೂಗಿಗೆ ಹಿಟ್ಟು ಮೆತ್ತಿಸಿಕೊಂಡು, ಅಕ್ಕನ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದ.

ಅವಳನ್ನು ಕೊಟ್ಟದ್ದು ಬಬಲೇಶ್ವರದಿಂದ ನಿಡೋಣಿಗೆ ಹೋಗುವ ದಾರಿಯಲ್ಲಿರುವ ತೋಟದ ಮನೆಗೆ. ಭಾವ ತೀರಿಕೊಂಡು ಏಳೆಂಟು ವರ್ಷವಾಯಿತು. ಈಗ ಅವಳ ಮಗ, ನನ್ನ ಸೋದರಳಿಯ, ತೋಟ ನೋಡಿಕೊಳ್ಳುತ್ತಾನೆ. ನೋಡಿಕೊಳ್ಳುತ್ತಾನೆ ಎಂದು ನಾನು ಬರೆಯುತ್ತೇನೆ, ಅಕ್ಕನ ಮುಂದೆ ಹಾಗೆ ಹೇಳುವ ಧೈರ್ಯ ನನಗಿಲ್ಲ. ಅವಳ ಪ್ರಕಾರ ತೋಟ ನೋಡಿಕೊಳ್ಳುವವಳು ಅವಳು, ಅವನು ಸಹಾಯಕ್ಕೆ ಇದ್ದಾನೆ. ಮುಂಜಾನೆ ಒಂದು ಸಲ, ಸಂಜೆ ಒಂದು ಸಲ, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಅವಳು ಸುತ್ತು ಹಾಕಲೇಬೇಕು. ಎಲೆ ಹೊರಳಿಸಿ ಬೆನ್ನು ನೋಡಬೇಕು, ಗೊನೆಯನ್ನು ಅಂಗೈಯಲ್ಲಿ ಎತ್ತಿ ತೂಗಬೇಕು, ಕೆಲಸಕ್ಕೆ ಬಂದವರಿಗೆ ಎರಡು ಮಾತು ಅನ್ನಬೇಕು. ಅಂದರೆ ಮಾತ್ರ ಅವಳಿಗೆ ಉಂಡ ರೊಟ್ಟಿ ಕರಗುತ್ತಿತ್ತು.

ಎರಡು ವರ್ಷದ ಹಿಂದೆ ಅವಳ ಮೊಣಕಾಲು ಸವೆದವು. ಅಂಗಳದಲ್ಲಿ ಓಡಾಡಬಹುದು, ತೋಟ ಸುತ್ತುವುದು ಬೇಡ ಎಂದು ವಿಜಯಪುರದ ಡಾಕ್ಟರು ಹೇಳಿದರು. ಅದೇ ಹೊತ್ತಿಗೆ ಅಳಿಯ ಸೊಲ್ಲಾಪುರದ ಕಡೆಯಿಂದ ಒಂದು ಹಳೆಯ ಹುಲ್ಲು ಕೊಯ್ಯುವ ಗಾಡಿ ತಂದ. ಯಾವುದೋ ದೊಡ್ಡ ಬಂಗಲೆಯ ಹಸಿರು ಹಾಸಿನ ಮೇಲೆ ಓಡಾಡಿದ ಕೆಂಪು ಗಾಡಿ ಅದು. ನೋಡಲು ಮೊಳಕಾಲೆತ್ತರದ ಟ್ರ್ಯಾಕ್ಟರು, ಒಬ್ಬರೇ ಕೂರುವ ಸೀಟು, ಹೊಟ್ಟೆಯ ಕೆಳಗೆ ತಿರುಗುವ ಕತ್ತಿಗಳ ಒಂದು ತಗಡಿನ ಪೆಟ್ಟಿಗೆ. ದ್ರಾಕ್ಷಿ ಚಪ್ಪರದ ಕೆಳಗೆ ಸಲೀಸಾಗಿ ನುಸುಳುತ್ತದೆ, ಸಾಲುಗಳ ನಡುವಿನ ಹುಲ್ಲು ಕೊಯ್ಯಬಹುದು ಎಂಬುದು ಅವನ ಲೆಕ್ಕಾಚಾರ. ತಂದ ದಿನ ಅವನು ಒಂದು ಸುತ್ತು ಓಡಿಸಿ ಇಳಿದ. ಅಕ್ಕ ಹತ್ತಿ ಕೂತಳು. ಮತ್ತೆ ಅವನಿಗೆ ಆ ಸೀಟು ಸಿಗಲಿಲ್ಲ.

ಹುಲ್ಲು ಇರಲಿ ಇಲ್ಲದಿರಲಿ, ದಿನಕ್ಕೆ ಎರಡು ಸಲ ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ತಲೆ ತಗ್ಗಿಸಿ, ಚಪ್ಪರದ ಕೆಳಗೆ ಹೊರಟುಬಿಡುತ್ತಿದ್ದಳು. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಅವಳು ನೋಡುವವರನ್ನು ಕ್ಯಾರೇ ಅನ್ನುತ್ತಿರಲಿಲ್ಲ.

ಹೋದ ದೀಪಾವಳಿ ಕಳೆದ ಮೇಲೆ ಗಾಡಿ ಕಿರುಚಲು ಶುರು ಮಾಡಿತು. ಸುಟ್ಟ ರಬ್ಬರಿನ ವಾಸನೆ, ಏರಿನಲ್ಲಿ ಮುಂದೆ ಹೋಗದೆ ನಿಂತಲ್ಲೇ ಗುರುಗುಡುವುದು. ಕೊನೆಗೊಂದು ದಿನ ಚಕ್ರ ತಿರುಗಿಸುವ ಪಟ್ಟಾ ಹರಿದೇ ಹೋಯಿತು. ಅಲ್ಲಿಂದ ಎರಡು ತಿಂಗಳು ಅಕ್ಕ ಕಟ್ಟೆಯ ಮೇಲೆ ಕೂತಳು. ಅಳಿಯ ಬೈಕಿನ ಮೇಲೆ ಕರೆದೊಯ್ಯುತ್ತೇನೆ ಎಂದ, ಚಪ್ಪರ ಅಷ್ಟು ತಗ್ಗಾಗಿದ್ದದ್ದರಿಂದ ಅದರ ಕೆಳಗೆ ಬೈಕು ಹೋಗುವಂತಿರಲಿಲ್ಲ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾಲ್ವರಿಂದ ಹೊರಿಸುತ್ತೇನೆ ಎಂದ. ಅದಕ್ಕಿನ್ನೂ ಟೈಮ್ ಐತಿ ಎಂದು ಅವಳು ಬಾಯಿ ಮುಚ್ಚಿಸಿದಳು. ಪ್ರತಿ ಸಂಜೆ ಅವನು ಬಂದು ತೋಟದ ವರದಿ ಒಪ್ಪಿಸುತ್ತಿದ್ದ, ಅವಳು ನಂಬುತ್ತಿರಲಿಲ್ಲ. ಕೊನೆಯ ಸಾಲಿನ ಫೋಟೋ ತೆಗೆದುಕೊಂಡು ಬಂದು ಮೊಬೈಲಿನಲ್ಲಿ ತೋರಿಸಿದರೆ, ಇದು ಮೊದಲ ಸಾಲಿನದು, ನನ್ನನ್ನು ಯಾಮಾರಿಸುತ್ತೀ ಎಂದು ಜಗಳ ತೆಗೆಯುತ್ತಿದ್ದಳು. ಆ ಕೊನೆಯ ಸಾಲುಗಳಿಗೆ ಬೂದಿ ರೋಗ ಬಂದಿದೆ, ಮಗ ತನಗೆ ಹೇಳದೆ ಮುಚ್ಚಿಟ್ಟಿದ್ದಾನೆ ಎಂದು ಅವಳ ತಲೆಯಲ್ಲಿ ಕೂತುಬಿಟ್ಟಿತ್ತು.

ಅಳಿಯನೂ ಬೇಸತ್ತ. ಕನಮಡಿಯಲ್ಲಿ ಒಬ್ಬರು ಬಿಡಿಭಾಗಕ್ಕಾಗಿ ಆ ಗಾಡಿ ಕೇಳಿದ್ದರು, ಸೋಮವಾರ ಬಂದು ಒಯ್ಯಿರಿ ಎಂದು ಹೇಳಿದ. ಹುಲ್ಲನ್ನು ಹೆಣ್ಣಾಳುಗಳು ಕುಡಗೋಲಿನಿಂದ ಕೊಯ್ಯುತ್ತಿದ್ದಾರೆ, ಚೆನ್ನಾಗಿಯೇ ಆಗುತ್ತಿದೆ, ಈ ಡಬ್ಬಾ ಇಟ್ಟುಕೊಂಡು ಏನು ಮಾಡುವುದು ಎಂಬುದು ಅವನ ಮಾತು. ಅದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಅಕ್ಕನಿಗೆ ಅದು ಹುಲ್ಲಿನ ಮಾತೇ ಅಲ್ಲ. ಗಾಡಿ ಹೋದರೆ ಅವಳ ತೋಟ ಕಟ್ಟೆಯಿಂದ ಕಾಣುವ ನಾಲ್ಕು ಸಾಲಿಗೆ ಮುಗಿಯುತ್ತಿತ್ತು.

ಬುಧವಾರ ನನಗೆ ಫೋನು ಬಂತು.

"ಲೇ ತಮ್ಮಾ, ನೀ ಇದನ್ನ ಕಲಿಸಿದಾಂವ ಅಲ್ಲೇನೋ? ಪಟ್ಟಾ ಹಾಕಾಕ ಬರತೈತಿಲ್ಲೋ?"

ಈ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಒಂದೇ ಇತ್ತು. ನಾನು ಅದನ್ನು ಕೊಡಲಿಲ್ಲ. ಅದೇನು ದೊಡ್ಡ ಕೆಲಸ, ಭಾನುವಾರದೊಳಗೆ ಓಡಿಸಿ ತೋರಿಸುತ್ತೇನೆ ಎಂದೆ. ಫೋನಿಟ್ಟ ಮೇಲೆ ನನ್ನ ಹೆಂಡತಿ ಒಂದು ಸಲ ನನ್ನ ಕೈ ನೋಡಿದಳು, ಒಂದು ಸಲ ಮುಖ ನೋಡಿದಳು, ಒಳಗೆ ಹೋದಳು.

ಗುರುವಾರ ಬಸ್ಸಿಗೆ ಬಬಲೇಶ್ವರಕ್ಕೆ ಹೋಗಿ ಇಳಿದೆ. ಅಳಿಯ ಬೈಕು ತಂದಿದ್ದ. ತೋಟಕ್ಕೆ ಹೋದರೆ ಅಕ್ಕ ಅಂಗಳದ ಬೇವಿನ ನೆರಳಿಗೆ ಕುರ್ಚಿ ಹಾಕಿಸಿ, ಪಕ್ಕದಲ್ಲಿ ಗಾಡಿ ನಿಲ್ಲಿಸಿ, ಬೋಲ್ಟು ಬಿಚ್ಚುವ ಪಾನಾಗಳನ್ನೆಲ್ಲ ಸಣ್ಣದರಿಂದ ದೊಡ್ಡದರವರೆಗೆ ಗೋಣಿಚೀಲದ ಮೇಲೆ ಜೋಡಿಸಿ ಕಾಯುತ್ತಿದ್ದಳು. ಆಪರೇಷನ್ನಿಗೆ ಸಿದ್ಧವಾದ ಕೋಣೆ ನೋಡಿದಂತಾಯಿತು. ಧೈರ್ಯ ತಂದುಕೊಂಡು ಪಾಠದಲ್ಲಿ ಇದ್ದಂತೆ ಶುರು ಮಾಡಿದೆ. ಎಂಜಿನ್ ಅಕಸ್ಮಾತ್ ಚಾಲೂ ಆಗಬಾರದೆಂದು ಪ್ಲಗ್ಗಿನ ತಂತಿ ಕಿತ್ತೆ. ಅಂಗಳ ಇಳಿಜಾರು, ಗಾಡಿ ಉರುಳಬಾರದೆಂದು ನಿಲ್ಲಿಸುವ ಪೆಡಲನ್ನು ಪೂರ್ತಿ ಒತ್ತಿ ಕೊಂಡಿ ಹಾಕಿದೆ. ಆಮೇಲೆ ಹೊಟ್ಟೆಯ ಕೆಳಗಿನ ಕತ್ತಿಪೆಟ್ಟಿಗೆ ಬಿಚ್ಚಲು ನೆಲಕ್ಕೆ ಮಲಗಿದೆ. ನಾಲ್ಕು ಪಿನ್ನು ಹುಡುಕಿ ತೆಗೆಯಲು ಎರಡು ತಾಸು ಹಿಡಿಯಿತು. ಅಷ್ಟರಲ್ಲಿ ನನ್ನ ಅಂಗಿಯೊಳಗೆ ಇರುವೆ ಸಂಸಾರ ಹೂಡಿದ್ದವು.

ಪಟ್ಟಾಗಳು ಎರಡು. ಕತ್ತಿ ತಿರುಗಿಸುವುದು ಒಂದು, ಅದರ ಒಳಬದಿಯೆಲ್ಲ ಬೇಸಿಗೆಯ ಎರೆನೆಲದಂತೆ ಬಿರುಕು ಬಿಟ್ಟಿತ್ತು. ಚಕ್ರ ತಿರುಗಿಸುವುದು ಇನ್ನೊಂದು, ಉದ್ದನೆಯದು, ಸವೆದು ಸವೆದು ಕನ್ನಡಿಯಾಗಿ ಒಂದು ಕಡೆ ಹರಿದಿತ್ತು. ಅದು ಎಂಜಿನ್ನಿನಿಂದ ಹೊರಟು, ನಡುವೆ ಎರಡು ಸಣ್ಣ ಗಾಲಿಗಳನ್ನು ಬಳಸಿ, ಹಿಂದಿನ ಗಾಲಿಗೆ ಹೋಗಿ ಮುಟ್ಟುವ ದಾರಿ ಸ್ವಲ್ಪ ಸುತ್ತುಬಳಸಿನದು. ತೆಗೆಯುವ ಮುಂಚೆ ಮೊಬೈಲಿನಲ್ಲಿ ಫೋಟೋ ಹೊಡೆದುಕೊಳ್ಳೋಣ ಮಾಮಾ ಎಂದು ಅಳಿಯ ಹೇಳಿದ. ಫೋಟೋ ಯಾಕೆ ಬೇಕು ಎಂದು ನಾನು ಮಲಗಿದ್ದಲ್ಲೇ ಕಾಗದದ ಮೇಲೆ ಅಚ್ಚುಕಟ್ಟಾದ ಚಿತ್ರ ಬರೆದೆ. ಬಾಣದ ಗುರುತು ಸಹಿತ. ಕೆಳಗಿನಿಂದ ನೋಡಿ ಬರೆದದ್ದು ಮೇಲಿನಿಂದ ನೋಡಿದರೆ ಎಡಬಲ ಅದಲುಬದಲಾಗುತ್ತದೆ ಎಂಬುದು ಆಮೇಲೆ ಹೊಸದನ್ನು ಹಾಕಲು ಒಂದು ತಾಸು ಒದ್ದಾಡಿದಾಗ ಹೊಳೆಯಿತು. ಪುಣ್ಯಕ್ಕೆ, ತೆಗೆಯುವ ಮುಂಚೆಯೇ ಅಳಿಯ ಸದ್ದಿಲ್ಲದೆ ಫೋಟೋ ಹೊಡೆದುಕೊಂಡಿದ್ದ.

ಶುಕ್ರವಾರ ಹಳೆಯ ಪಟ್ಟಾಗಳನ್ನು ಚೀಲದಲ್ಲಿ ಹಾಕಿಕೊಂಡು ವಿಜಯಪುರದ ಸೊಲ್ಲಾಪುರ ರಸ್ತೆಯ ಅಂಗಡಿಯೊಂದಕ್ಕೆ ಹೋದೆ. ಗೋಡೆಯ ತುಂಬ ಮೊಳೆ, ಮೊಳೆಯ ತುಂಬ ಪಟ್ಟಾ. ಅಂಗಡಿಯವರು ನನ್ನ ವಯಸ್ಸಿನವರೇ. ಹಳೆಯ ಪಟ್ಟಾದ ಮೇಲೆ ಅಳಿಸಿಹೋದ ನಂಬರಿಗಾಗಿ ಅವರು ತಲೆ ಕೆಡಿಸಿಕೊಳ್ಳಲಿಲ್ಲ. ಹರಿದದ್ದನ್ನು ಜೋಡಿಸಿ ನೆಲದ ಮೇಲೆ ಹಾಸಿ, ಅಂಚನ್ನು ಹೆಬ್ಬೆರಳಿನಿಂದ ಸವರಿ, ಹಳೆಯದು ಇಷ್ಟು ಜಗ್ಗಿದೆ, ಹೊಸದು ಇಷ್ಟು ಸಣ್ಣದಿರಬೇಕು ಎಂದು ಅಂದಾಜು ಮಾಡಿ, ಎರಡು ತೆಗೆದುಕೊಟ್ಟರು. ಕೊಡುವಾಗ ಉದ್ದನೆಯದನ್ನು ಮುಟ್ಟಿ ಹೇಳಿದರು, "ಸರ್, ಇದು ಹಾಕಿದ ಮ್ಯಾಗ ಸಡ್ಲ ಅನ್ನಿಸ್ತೈತ್ರಿ. ಅನ್ನಿಸ್ಲಿ, ಹಂಗ ಬಿಡ್ರಿ."

ನಾನು ತಲೆ ಆಡಿಸಿದೆ. ಪಟ್ಟಾದ ಬಗ್ಗೆ ನನಗೆ ಹೇಳಲು ಬರುತ್ತಾರಲ್ಲ ಎಂದು ಒಳಗೊಳಗೇ ನಗು ಬಂದಿತ್ತು. ಆ ನಗುವಿನಲ್ಲಿ ಅವರ ಮಾತು ಕಿವಿಯಿಂದ ಒಳಗೆ ಇಳಿಯಲಿಲ್ಲ.

ಶನಿವಾರ ಕತ್ತಿಯ ಪಟ್ಟಾ ಹೇಳಿದ ಮಾತು ಕೇಳಿ ಕೂತಿತು. ಉದ್ದನೆಯದನ್ನು ಫೋಟೋ ನೋಡಿಕೊಂಡು, ಎಲ್ಲ ಗಾಲಿಗಳನ್ನೂ ಬಳಸಿ ಹಾಕಿದೆ. ಹಾಕಿ ನೋಡಿದರೆ ಅದು ಒಣಹಾಕಿದ ಪಂಚೆಯಂತೆ ಜೋತುಬಿದ್ದಿತ್ತು. ಹೆಬ್ಬೆರಳಿನಿಂದ ಒತ್ತಿದರೆ ಎರಡು ಬೆರಳಷ್ಟು ಒಳಗೆ ಹೋಯಿತು. ಅಕ್ಕ ಕುರ್ಚಿಯಿಂದ ಬಗ್ಗಿ ನೋಡಿದಳು. ಇಬ್ಬರ ಬಾಯಲ್ಲೂ ಒಟ್ಟಿಗೇ ಬಂತು, ಸಡಿಲ ಐತಿ. ನಾವಿಬ್ಬರು ಒಂದು ವಿಷಯಕ್ಕೆ ಒಪ್ಪಿದ್ದು ನನಗೆ ತಿಳಿದ ಮಟ್ಟಿಗೆ ಅದೇ ಮೊದಲು.

ಗಿರಣಿಯ ಮಕ್ಕಳಿಗೆ ಸಡಿಲ ಪಟ್ಟಾ ಅಂದರೆ ರೋಗ. ಅಪ್ಪ ಮುಂಜಾನೆ ಎದ್ದು ದೇವರಿಗೆ ಕೈಮುಗಿಯುವ ಮುಂಚೆ ಪಟ್ಟಾಕ್ಕೆ ಹೆಬ್ಬೆರಳು ಒತ್ತಿ ನೋಡುತ್ತಿದ್ದ. ಸ್ವಲ್ಪ ಜಾಸ್ತಿ ಒಳಗೆ ಹೋದರೂ ಕೊಂಡಿ ಬಿಚ್ಚಿ, ಪಟ್ಟಾವನ್ನು ಎರಡು ಬೆರಳಗಲ ಕತ್ತರಿಸಿ, ಮತ್ತೆ ಬಿಗಿದು ಜೋಡಿಸುತ್ತಿದ್ದ. ಅಷ್ಟಾದರೂ ಜಾರಿದರೆ ರಾಳದ ಹರಳನ್ನು ಒಳಬದಿಗೆ ತಿಕ್ಕುತ್ತಿದ್ದ. ಆ ಹಳದಿ ಹರಳು ಬಿಸಿಗೆ ಕರಗಿ ಅಂಟಾಗಿ, ಪಟ್ಟಾ ಗಾಲಿಯನ್ನು ಕಚ್ಚಿ ಹಿಡಿಯುತ್ತಿತ್ತು. ಪಾಲಿಟೆಕ್ನಿಕ್ಕಿನ ಮೂವತ್ತು ವರ್ಷ ನನ್ನ ತಲೆಯಲ್ಲಿ ಎಲ್ಲಿ ಅಡಗಿ ಕೂತಿತ್ತೋ ಗೊತ್ತಿಲ್ಲ. ಆ ಜೋತ ಪಟ್ಟಾ ನೋಡಿದ ಕ್ಷಣಕ್ಕೆ ನಾನು ಪೂರ್ತಿ ಅಪ್ಪನ ಮಗನಾಗಿಬಿಟ್ಟೆ. ಅಂಗಡಿಯವನಿಗೆ ಲೆಕ್ಕ ತಪ್ಪಿದೆ, ಇದಕ್ಕಿಂತ ಒಂದು ನಂಬರು ಸಣ್ಣದನ್ನು ಬದಲಿಸಿಕೊಂಡು ಬಾ ಎಂದು ಅಳಿಯನನ್ನು ಬೈಕಿನ ಮೇಲೆ ಅಟ್ಟಿದೆ. ಅವನು ಬರುವಷ್ಟರಲ್ಲಿ ಅಕ್ಕ ಒಳಗಿನಿಂದ ಒಂದು ಬಟ್ಟೆಯ ಗಂಟು ತಂದಳು. ಬಿಚ್ಚಿದರೆ ರಾಳ. ಗಿರಣಿ ಮುಚ್ಚಿದ ದಿನ ತಿಕೋಟಾದಿಂದ ತಂದಿಟ್ಟುಕೊಂಡದ್ದಂತೆ. ಬೇರೆಯವರು ತವರಿನಿಂದ ಬೆಳ್ಳಿಯ ಬಟ್ಟಲು ತರುತ್ತಾರೆ.

ಸಣ್ಣ ಪಟ್ಟಾ ಸುಲಭಕ್ಕೆ ಬಗ್ಗಲಿಲ್ಲ. ಕಬ್ಬಿಣದ ಸಲಾಕೆ ಹಾಕಿ ಮೀಟಿ, ಎರಡು ಗೆಣ್ಣಿನ ಚರ್ಮ ಸುಲಿಸಿಕೊಂಡು, ಸಂಜೆಯ ಹೊತ್ತಿಗೆ ಕೂರಿಸಿದೆ. ರಾಳ ತಿಕ್ಕಿದೆ. ಬೆರಳಿನಿಂದ ಮೀಟಿದರೆ ಟಂಯ್ ಅಂದಿತು. ಅಕ್ಕ ತಾನೂ ಬಗ್ಗಿ ಒಂದು ಸಲ ಮೀಟಿ, ತೃಪ್ತಿಯಿಂದ ಹೂಂ ಎಂದಳು. ಆ ಸಂಜೆ ನಾನು ಸಜ್ಜಿ ರೊಟ್ಟಿ, ಬದನೆಕಾಯಿ, ಶೇಂಗಾ ಹಿಂಡಿ ಉಂಡಷ್ಟು ಸಂತೋಷದಿಂದ ಎಂದೂ ಉಂಡದ್ದಿಲ್ಲ.

ಭಾನುವಾರ ಮುಂಜಾನೆ ಕತ್ತಿಪೆಟ್ಟಿಗೆ ಜೋಡಿಸಿ, ಪ್ಲಗ್ಗಿನ ತಂತಿ ಸಿಕ್ಕಿಸಿದ ಮೇಲೆ ಪೂಜೆಯಾಯಿತು. ಗಾಡಿಯ ಮೂತಿಗೆ ಅರಿಶಿನ ಕುಂಕುಮ, ಮುಂದಿನ ಚಕ್ರಗಳ ಕೆಳಗೆ ಎರಡು ನಿಂಬೆಹಣ್ಣು, ತೆಂಗಿನಕಾಯಿ. ಅಕ್ಕ ಸೆರಗು ಸಿಕ್ಕಿಸಿ ಹತ್ತಿದಳು. ನಿಯಮದಂತೆ ಪೆಡಲು ಪೂರ್ತಿ ಒತ್ತಿ, ಕೀಲಿ ತಿರುವಿದಳು. ಪೆಡಲು ಒತ್ತಿದ್ದರೆ ಗಾಡಿ ನಿಂತಿರಬೇಕು, ಬಿಟ್ಟಾಗ ಹೊರಡಬೇಕು. ಎಂಜಿನ್ ಗುಡುಗಿತು. ಗಾಡಿ ಒಂದು ಸಲ ಜಿಗಿಯಿತು, ನಿಂಬೆಹಣ್ಣು ಅಪ್ಪಚ್ಚಿ ಮಾಡಿತು, ಆಮೇಲೆ ನಡೆಯತೊಡಗಿತು.

ಬಹಳ ಜೋರೇನಲ್ಲ. ಮದುವೆಯ ಮೆರವಣಿಗೆ ಹೋಗುವಷ್ಟು. ಆದರೆ ನಿಲ್ಲುವ ಲಕ್ಷಣ ಇರಲಿಲ್ಲ. ಕೋಳಿಗಳು ದಿಕ್ಕಾಪಾಲಾದವು, ಎಮ್ಮೆ ಹಗ್ಗ ಜಗ್ಗಿ ಬೆನ್ನು ತಿರುಗಿಸಿತು. ನಾನು ಪಕ್ಕದಲ್ಲಿ ಓಡುತ್ತ, ಪೆಡಲು ಒತ್ತು, ಪೆಡಲು ಒತ್ತು ಎಂದು ಕೂಗುತ್ತಿದ್ದೆ. ಕೀಲಿ ಆರಿಸು ಅನ್ನಬೇಕೆಂಬುದು ನನ್ನ ಬುದ್ಧಿಗೆ ಹೊಳೆಯಲೇ ಇಲ್ಲ.

"ಎರಡೂ ಕಾಲಿಲೆ ಒತ್ತೀನಲೇ," ಎಂದಳು ಅಕ್ಕ ಮುಂದೆ ನೋಡುತ್ತಲೇ. "ನೀ ಸರಿ ಅತ್ತಾಗ, ನಿನ್ನ ಮ್ಯಾಲ ಹಾಯ್ತೈತಿ."

ಅವಳು ಸ್ಟಿಯರಿಂಗ್ ತಿರುವಿ, ನೀರಿನ ತೊಟ್ಟಿ ತಪ್ಪಿಸಿ, ನೇರವಾಗಿ ಕಣಿಕೆಯ, ಅಂದರೆ ಜೋಳದ ಒಣದಂಟಿನ ಬಣವೆಗೆ ಗಾಡಿ ನುಗ್ಗಿಸಿದಳು. ಎಂಜಿನ್ ಎರಡು ಸಲ ಕೆಮ್ಮಿ ಸತ್ತಿತು. ಮೇಲಿನ ಸಿವುಡಿನ ಕಟ್ಟುಗಳು ಒಂದೊಂದಾಗಿ ಜಾರಿ ಅವಳ ಮೇಲೆ ಬಿದ್ದವು. ನೋಡಿದರೆ ಸ್ಟಿಯರಿಂಗ್ ಹಿಡಿದ ಒಂದು ಕೈ ಮತ್ತು ತಲೆ ಮಾತ್ರ ಕಾಣುತ್ತಿತ್ತು.

ನನಗೆ ನಗು ಬರಲಿಲ್ಲ. ಎಲ್ಲಿ ಬಿದ್ದಳೋ, ಮೊದಲೇ ಸವೆದ ಕಾಲಿಗೆ ಏನಾಯಿತೋ ಎಂದು ಹೆದರಿ ಬಣವೆಯತ್ತ ಓಡಿದೆ. ಏನೂ ಆಗಿಲ್ಲ ಎಂದು ತಿಳಿದ ಮೇಲೆ ಆ ಹೆದರಿಕೆಯೆಲ್ಲ ಸಿಟ್ಟಾಯಿತು. ನನ್ನ ಸಿಟ್ಟು ಯಾವಾಗಲೂ ತಪ್ಪು ವಿಳಾಸಕ್ಕೆ ಹೋಗುತ್ತದೆ. ಬಂಗಲೆಯವರು ಹಾಳು ಮಾಡಿ ದಾಟಿಸಿದ ಗಾಡಿ, ಅಂಗಡಿಯವನು ಕೊಟ್ಟ ಕಳಪೆ ಮಾಲು, ತಂದವನ ಬುದ್ಧಿ ಎಂದು ಅಳಿಯನ ಮೇಲೆ ಹಾರಾಡಿದೆ. ಅವನು ಕಣಿಕೆ ಸರಿಸುತ್ತ, ಕನಮಡಿಯವರಿಗೆ ಫೋನ್ ಮಾಡಿ ಇವತ್ತೇ ಬರಲು ಹೇಳಲೇ ಎಂದು ಮೆಲ್ಲಗೆ ಕೇಳಿದ. ಸೋಮವಾರಕ್ಕೆ ಒಂದು ದಿನ ಉಳಿದಿತ್ತು, ಅದನ್ನೂ ನಾನು ಕಳೆದಿದ್ದೆ.

ಅಕ್ಕ ಮಾತ್ರ ಸೀಟಿನಿಂದ ಇಳಿದಿರಲಿಲ್ಲ. ತಲೆಯ ಮೇಲಿನ ರವದಿ, ಒಣ ಎಲೆ ತೆಗೆದು ಹಾಕಿ, ಪೆಡಲನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು, ಬಗ್ಗಿ ಕೆಳಗೆ ನೋಡುತ್ತಿದ್ದಳು. ತಲೆ ಎತ್ತಿ ಕೇಳಿದಳು, "ತಮ್ಮಾ, ನಮ್ಮ ಗಿರಣಿಗೆ ಖಾಲಿ ಗಾಲಿ ಇತ್ತು. ಇದಕ್ಕ ಎಲ್ಲೈತಿ?"

ಗಿರಣಿಯಲ್ಲಿ ಕಲ್ಲು ನಿಲ್ಲಿಸಬೇಕಾದರೆ ಎಂಜಿನ್ ನಿಲ್ಲಿಸುತ್ತಿರಲಿಲ್ಲ. ಕಲ್ಲಿನ ಗಾಲಿಯ ಪಕ್ಕದಲ್ಲೇ ಯಾವುದಕ್ಕೂ ಜೋಡಿಸದ ಇನ್ನೊಂದು ಗಾಲಿ ಇರುತ್ತಿತ್ತು. ಕೋಲಿನಿಂದ ಪಟ್ಟಾವನ್ನು ಅದಕ್ಕೆ ಸರಿಸಿದರೆ ಪಟ್ಟಾ ಸುಮ್ಮನೆ ತಿರುಗುತ್ತಿತ್ತು, ಕಲ್ಲು ನಿಲ್ಲುತ್ತಿತ್ತು. ಈ ಗಾಡಿಯಲ್ಲಿ ಅಂಥದ್ದು ಇಲ್ಲ ಎಂದು ಹೇಳಲು ಬಾಯಿ ತೆರೆದವನು ಹಾಗೆಯೇ ನಿಂತೆ. ಖಾಲಿ ಗಾಲಿ ಇಲ್ಲ. ಅದರ ಬದಲಿಗೆ ಸಡಿಲವೇ ಇದೆ. ಪೆಡಲು ಒತ್ತಿದಾಗ ನಡುವಿನ ಸಣ್ಣ ಗಾಲಿ ಸರಿದು ಪಟ್ಟಾ ಜೋತುಬೀಳಬೇಕು, ಜೋತರೆ ಗಾಡಿ ನಿಲ್ಲುತ್ತದೆ. ಪೆಡಲು ಬಿಟ್ಟಾಗ ಅದೇ ಗಾಲಿ ತಾನಾಗಿ ಪಟ್ಟಾ ಬಿಗಿ ಮಾಡುತ್ತದೆ. ನಾನು ಮೊದಲ ಪಟ್ಟಾ ಹಾಕಿದಾಗ ಪೆಡಲನ್ನು ನಾನೇ ಒತ್ತಿ ಕೊಂಡಿ ಹಾಕಿದ್ದೆ. ಅದು ಸಡಿಲ ಇರಲೇಬೇಕಿತ್ತು. ನಾವಿಬ್ಬರು ಸೇರಿ ಸಣ್ಣದನ್ನು ಬಿಗಿದು, ಮೇಲಿಂದ ರಾಳವನ್ನೂ ಮೆತ್ತಿ, ಗಾಡಿ ನಿಲ್ಲುವ ದಾರಿಯನ್ನೇ ಮುಚ್ಚಿದ್ದೆವು.

ಇದನ್ನು ನಾನು ಕಲಿಸಿದ್ದೆ. ನೀಲಿ ಸೀಮೆಸುಣ್ಣದಲ್ಲಿ. ತಪ್ಪು ನನ್ನದೇ, ಗಾಡಿಯದಲ್ಲ, ಬೇರೆ ಯಾರದೂ ಅಲ್ಲ ಎಂದು ಇಬ್ಬರ ಮುಂದೆಯೂ ಒಪ್ಪಿಕೊಂಡೆ. ಅಕ್ಕ ನಗಲು ಶುರು ಮಾಡಿದಳು. ಸೀಟಿನ ಮೇಲೆ ಅಲುಗಾಡಿ, ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಅಳಿಯ ನಕ್ಕ. ಕೊನೆಗೆ ನನಗೂ ತಡೆಯಲಾಗಲಿಲ್ಲ.

ನಗು ಮುಗಿದ ಮೇಲೆ ನೆನಪಾಯಿತು, ಸರಿಯಾದ ಪಟ್ಟಾವನ್ನು ನಾನೇ ಬದಲಿಸಲು ಕಳಿಸಿದ್ದೆ. ಭಾನುವಾರ ಆ ಅಂಗಡಿ ತೆರೆಯುವುದಿಲ್ಲ. ಮುಖ ಸಣ್ಣದು ಮಾಡಿಕೊಂಡು ಅಳಿಯನನ್ನು ನೋಡಿದೆ. ಅವನು ಹೋಗಿ ಬೈಕಿನ ಚೀಲದಿಂದ ಅದೇ ಪಟ್ಟಾ ತಂದು ನನ್ನ ಕೈಗಿಟ್ಟ. ಅಂಗಡಿಯವರು ಅದನ್ನು ವಾಪಸು ತೆಗೆದುಕೊಂಡಿರಲಿಲ್ಲ, ಸರ್‌ಗ ಇದೂ ಬೇಕಾಗ್ತೈತಿ, ಒಯ್ರಿ ಎಂದು ಎರಡನ್ನೂ ಕೊಟ್ಟು ಕಳಿಸಿದ್ದರಂತೆ. ನಿನ್ನೆಯೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ನೀವು ಅಷ್ಟು ಖುಷಿಯಿಂದ ಉಣ್ಣುತ್ತಿದ್ದಿರಿ ಎಂದ.

ಈ ಸಲ ಅಕ್ಕ ನನ್ನನ್ನು ಪಕ್ಕಕ್ಕೆ ಸರಿಸಿದಳು. ಮತ್ತೆ ಪ್ಲಗ್ಗಿನ ತಂತಿ ಕಿತ್ತು, ಕತ್ತಿಪೆಟ್ಟಿಗೆ ಬಿಚ್ಚಿ, ಗಾಡಿಯ ಮುಂಭಾಗ ಎತ್ತಿ ಕಲ್ಲಿನ ಮೇಲೆ ನಿಲ್ಲಿಸಿದೆವು. ಅವಳಿಗೆ ನೆಲದ ಮೇಲೆ ಕೂರಲು ಆಗದು, ಎತ್ತರದ ಮಣೆ ಹಾಕಿ ಕೂರಿಸಿದೆವು. ಮೊದಲು ಗಾಲಿಗಳಿಗೆ ಅಂಟಿದ ರಾಳವನ್ನು ಡೀಸೆಲ್ ಬಟ್ಟೆಯಿಂದ ಒರೆಸಿದಳು. ಆಮೇಲೆ ಪಟ್ಟಾ ಹಿಡಿದು ಕೈ ಒಳಗೆ ಹಾಕಿದಳು. ಅವಳು ಕಣ್ಣಿನಿಂದ ನೋಡುತ್ತಲೂ ಇರಲಿಲ್ಲ, ಎಲ್ಲೋ ಬೇಲಿಯ ಕಡೆ ಮುಖ ಮಾಡಿದ್ದಳು. ಬೆರಳುಗಳು ಒಳಗೆ ತಾವೇ ದಾರಿ ಹುಡುಕಿಕೊಂಡು ಹೋಗುತ್ತಿದ್ದವು. ನಾನು ಎರಡು ದಿನ ತೆಗೆದುಕೊಂಡ ಕೆಲಸ ಒಂದು ಚಹಾ ಕುದಿಯುವಷ್ಟರಲ್ಲಿ ಮುಗಿಯಿತು. ನಾನು ಕೇಳಿದ ಪಾನಾ ಕೊಡುತ್ತ ಕೂತಿದ್ದೆ. ಚಿಕ್ಕಂದಿನಲ್ಲಿ ಗಿರಣಿಯ ಹೊಸ್ತಿಲ ಮೇಲೆ ಕೂತು ಈ ಕೆಲಸಕ್ಕೆ ಎಷ್ಟು ಆಸೆಪಟ್ಟಿದ್ದೆ, ಅಪ್ಪ ಒಂದು ದಿನವೂ ನನ್ನನ್ನು ಹತ್ತಿರ ಬಿಡಲಿಲ್ಲ ಎಂದು ಅವಳಿಗೆ ಮೊದಲ ಸಲ ಹೇಳಿದೆ.

"ನಿನ್ನ ಬೆರಳು ಹೋಗ್ತಾವಂತ ಅಂವಗ ಅಂಜಿಕಿ," ಎಂದಳು ಅಕ್ಕ. ಒಂದು ಬೋಲ್ಟು ಬಿಗಿದು ಸೇರಿಸಿದಳು, "ನನ್ನ ಬೆರಳಿಗೆ ಅಂಜಲಿಲ್ಲ ನೋಡು."

ನಗುತ್ತಲೇ ಅಂದಳು. ಡೀಸೆಲ್ ಬಟ್ಟೆ ತೆಗೆದುಕೊಂಡು ಅವಳ ಕೈಯ ಗ್ರೀಸು ಒರೆಸಿದೆ. ಅವಳು ಒರೆಸಲು ಬಿಟ್ಟಳು.

ಕತ್ತಿಪೆಟ್ಟಿಗೆ ಜೋಡಿಸಿ, ಪ್ಲಗ್ಗಿನ ತಂತಿ ಸಿಕ್ಕಿಸಿ ಮತ್ತೆ ಹತ್ತಿಸಿದೆವು. ಈ ಸಲ ಪೂಜೆ ಗೀಜೆ ಇಲ್ಲ. ಪೆಡಲು ಒತ್ತಿ ಕೀಲಿ ತಿರುವಿದಳು. ಎಂಜಿನ್ ಓಡಿತು, ಗಾಡಿ ಕಲ್ಲಿನ ಹಾಗೆ ನಿಂತಿತ್ತು. ಪೆಡಲು ಬಿಟ್ಟಳು, ಮೆಲ್ಲಗೆ ಮುಂದೆ ಹೋಯಿತು. ಒತ್ತಿದಳು, ನಿಂತಿತು. ಹೀಗೆ ನಾಲ್ಕಾರು ಸಲ ಮಾಡಿ, ನಮ್ಮ ಕಡೆ ನೋಡದೆಯೇ ಗಾಡಿ ತಿರುಗಿಸಿ, ತಲೆ ತಗ್ಗಿಸಿ ಚಪ್ಪರದೊಳಗೆ ಇಳಿದುಬಿಟ್ಟಳು. ಅಳಿಯ ಫೋನು ತೆಗೆದುಕೊಂಡು ಬಾವಿಯ ಕಡೆ ನಡೆದ. ನಾಳೆ ಬರಬ್ಯಾಡ್ರಿ, ಅದು ಮಾರೂದಲ್ರಿ ಎಂದು ಅವನು ಹೇಳುವುದು ಕೇಳಿಸಿತು.

ಸದ್ದು ದೂರ ದೂರ ಹೋಗಿ, ಒಂದು ಕಡೆ ನಿಂತೇಹೋಯಿತು. ಅರ್ಧ ತಾಸು ಕಾದೆ. ಮತ್ತೆ ಕೆಟ್ಟಿತೋ, ಅವಳೇ ಬಿದ್ದಳೋ ಎಂದು ಬಗ್ಗಿಕೊಂಡು ಸಾಲಿನೊಳಗೆ ಹೊರಟೆ. ತಲೆಗೆ ಗೊನೆ ತಾಗುತ್ತಿದ್ದವು. ಕೊನೆಯ ಸಾಲಿನ ತುದಿಯಲ್ಲಿ ಗಾಡಿ ನಿಂತಿತ್ತು, ಎಂಜಿನ್ ಆರಿತ್ತು. ಅಕ್ಕ ಸೀಟಿನ ಮೇಲೆಯೇ ಕೂತು, ಕೈಗೆ ಎಟುಕಿದ ಎಲೆಯೊಂದನ್ನು ಹೊರಳಿಸಿ ನೋಡುತ್ತಿದ್ದಳು. ಕಣ್ಣು ಒದ್ದೆಯಾಗಿದ್ದವು. ನಾನು ಗಾಬರಿಯಾಗಿ, ಬೂದಿ ರೋಗ ಬಂದಿದೆಯೇ ಎಂದು ಕೇಳಿದೆ.

"ಎಲ್ಲಾ ಸಾಲು ನೋಡಿದ್ನೋ," ಎಂದಳು. "ಒಂದು ಎಲಿ ಸೈತ ಕೆಟ್ಟಿಲ್ಲ. ಎರಡು ತಿಂಗಳು ನಾ ಬಂದಿಲ್ಲ, ಎಲ್ಲಾ ಚೊಲೋ ಐತಿ." ಎಲೆಯನ್ನು ಬಿಟ್ಟು, "ಒಂದಾದ್ರೂ ಸಾಲು ಕೆಡಬೇಕಾಗಿತ್ತಲ್ಲೋ ತಮ್ಮಾ," ಎಂದಳು.

ಮಗನಿಗೆ ಕಲಿಸಿದವಳು ನೀನೇ ಅಲ್ಲವೇ ಎಂದೆ. ಗೊತ್ತೈತಿ ಎಂದು ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ನನ್ನನ್ನು ದೂರ ಸರಿಯಲು ಹೇಳಿ, ಪೆಡಲು ಒತ್ತಿ ಎಂಜಿನ್ ಚಾಲೂ ಮಾಡಿ, ಕತ್ತಿಪೆಟ್ಟಿಗೆ ನೆಲಕ್ಕೆ ಇಳಿಸಿದಳು. ಆ ಸಾಲಿನಲ್ಲಿ ಕೊಯ್ಯಲು ಹುಲ್ಲೇ ಇರಲಿಲ್ಲ. ಹೆಣ್ಣಾಳುಗಳು ಹಿಂದಿನ ವಾರವಷ್ಟೇ ಬುಡದವರೆಗೆ ಕೊಯ್ದು ಹೋಗಿದ್ದರು. ಅಕ್ಕ ಆ ತುದಿಯಿಂದ ಈ ತುದಿಯವರೆಗೆ ಸಾವಕಾಶವಾಗಿ ಇಡೀ ಸಾಲು ಕೊಯ್ದಳು. ಬರೀ ಮಣ್ಣಿನ ಧೂಳು ಎದ್ದಿತು. ಮುಗಿದ ಮೇಲೆ ಗಾಡಿ ತಿರುಗಿಸಿ ಪಕ್ಕದ ಸಾಲಿಗೆ ಇಳಿದಳು.